ದಬ್ಬಳ

ನಮ್ಮ ಮನೆಗೂ ಬೋರಲಿಂಗಯ್ಯನ ಬೂಸಾ ಅಂಗಡಿಗೂ
ನಡುವೆ ಒಂದೇ ಗೋಡೆ.
ಆ ಕಡೆ ಹಿಂಡಿ, ತೌಡು, ಜೋಳದ ನುಚ್ಚು;
ಈ ಕಡೆ ನನ್ನ ಹೊಲಿಗೆ ಮಿಷನ್ನು,
ಫಾಲ್ಸು ಹಚ್ಚಲು ಮಡಿಸಿಟ್ಟ ಹನ್ನೊಂದು ಸೀರೆ.
ಕಬ್ಬು ಅರೆಯುವ ಕಾಲಕ್ಕೆ ಮಂಡ್ಯದ ಗಾಳಿಗೆ
ಸುಟ್ಟ ಸಕ್ಕರೆಯ ವಾಸನೆ.
ಉಳಿದ ತಿಂಗಳೆಲ್ಲ ನಮ್ಮ ಬೀದಿಗೆ ತೌಡಿನದೇ.

ನಾಲ್ಕು ಬೆಕ್ಕು ಅವನವು.
ಹೆಸರಿಲ್ಲ. ಕರೆಯುವುದಿದ್ದರೆ "ಥೂ" ಅನ್ನುತ್ತಾನೆ.
ಕೆಂಚಂದು, ಕರೀದು, ಬಾಲ ಮುರಿದದ್ದು,
ಮತ್ತೊಂದು ಬಸುರಿ; ಅದರ ಹೊಟ್ಟೆ ಬಿಟ್ಟರೆ
ಉಳಿದದ್ದೆಲ್ಲ ಮೂಳೆ.
ರಾತ್ರಿ ಷಟರ್ ಎಳೆದು ಒಳಗೇ ಕೂಡುತ್ತಾನೆ,
ಬೆಳಿಗ್ಗೆ ಏಳಕ್ಕೆ ಎತ್ತುತ್ತಾನೆ.
ಒಂದು ದಿನ ಕೇಳಿಯೇಬಿಟ್ಟೆ.
"ಹೊಟ್ಟೆ ತುಂಬುದ್ರೆ ಬೆಕ್ಕು ಇಲಿ ಹಿಡಿದಾತಾ ಕಣವ್ವ?
ಹಸ್ಕೊಂಡಿದ್ರೇ ಅದ್ಕೆ ಕಣ್ಣು."
ತಕ್ಕಡಿಯ ಮುಳ್ಳು ನೋಡುತ್ತಲೇ ಹೇಳಿದ.

ಹಿತ್ತಲಲ್ಲಿ, ಗೋಡೆಯ ಬುಡಕ್ಕೆ,
ನೀರು ಹೋಗಲು ಬಿಟ್ಟ ತೂತು.
ಅಲ್ಲಿಂದ ಮೊದಲು ಒಂದು ಪಾದ ಬಂತು.
ಬಸುರಿಯದು.
ನೆಲವನ್ನು ತಟ್ಟಿ ತಟ್ಟಿ ನೋಡಿತು,
ಕತ್ತಲಲ್ಲಿ ಕನ್ನಡಕ ಹುಡುಕುವ ನಮ್ಮತ್ತೆಯ ಹಾಗೆ.

ನಮ್ಮದು ವಿಭೂತಿ ಹಚ್ಚುವ ಮನೆ.
ಮೀನಿನ ಮಾತೇ ಇಲ್ಲ.
ಸಾರು ಬೆರೆಸದ ಅನ್ನಕ್ಕೆ ಅರ್ಧ ಲೋಟ ಹಾಲು,
ಅಂಚು ಒಡೆದ ಸಾಸರಿನಲ್ಲಿ.
ಮೂರನೆಯ ದಿನಕ್ಕೆ ನಾಲ್ಕೂ ಬಂದವು.
ಐದನೆಯ ದಿನಕ್ಕೆ ಹಾಲು ಸಾಲದೆ
ಅತ್ತೆಯ ರಾತ್ರಿಯ ಲೋಟಕ್ಕೆ ಒಂದಿಷ್ಟು ನೀರು ಬೆರೆಸಿದೆ.
"ಹಸ ಏನು ನಾಲೆ ಈಜ್ಕಂಡು ಬಂತಾ?" ಅಂದರು.
ಗೊತ್ತಿತ್ತು ಅವರಿಗೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ,
ಲೋಕಕ್ಕೆ ಕಾಣದು ಅಂದುಕೊಂಡು.
ಸುಳ್ಳು. ಇವು ಕುಡಿಯುವಾಗ ಕಣ್ಣು ಬಿಟ್ಟೇ ಇದ್ದವು,
ನನ್ನ ಕೈಯನ್ನೇ ನೋಡುತ್ತ.
ಮುಚ್ಚಿಕೊಂಡವಳು ನಾನು.
ಸೋದರತ್ತೆಯ ಮನೆಯಲ್ಲಿದ್ದು ಓದುವಾಗ
ನನ್ನ ಮುದ್ದೆ ಉಳಿದವರದಕ್ಕಿಂತ ಸಣ್ಣದಿತ್ತು.
ಅದನ್ನಿಲ್ಲಿ ಯಾಕೆ ಹೇಳಿದೆನೋ.

ಗೌರಿಹಬ್ಬಕ್ಕೆ ವಾರ ಇರುವಾಗ ಬಾಗಿಲು ಬಡಿದ.
ಹೆಗಲ ಮೇಲೆ ಮೂರು ಗೋಣಿಚೀಲ, ಖಾಲಿ.
ಒಂದರ ಬಾಯಿ ಅಗಲಿಸಿ ಹಿಡಿದ;
ಬುಡದ ತೂತಿನಲ್ಲಿ ಬೀದಿ ದೀಪ ಕಂಡಿತು.
"ನೋಡವ್ವ, ನಿನ್ ಹಾಲನ್ನ."
ಎರಡು ಚೀಲ ಹಿಂಡಿ, ಒಂದು ಚೀಲ ತೌಡು
ಇಲಿಗಳ ಪಾಲು. ಬೆಕ್ಕು ನಾಲ್ಕೂ
ಮೂಟೆಯ ಮೇಲೆ ಮಲಗಿ ನೋಡುತ್ತಿದ್ದವಂತೆ.

ಜಗಳಕ್ಕೆಂದೇ ಸೆರಗು ಸಿಕ್ಕಿಸಿದ್ದೆ.
ಬಾಯಿಗೆ ಬಂದದ್ದು ಬೇರೆ:
"ಚೀಲ ಬಿಟ್ಟು ಹೋಗಿ. ಹೊಲಿದು ಕೊಡ್ತೀನಿ.
ಇನ್ನು ಮುಂದಕ್ಕೂ."
ಅವನು ಲೆಕ್ಕ ಹಾಕಿದ. ಕಣ್ಣಲ್ಲೇ ಕಾಣುತ್ತಿತ್ತು,
ಚೀಲಕ್ಕೆ ಇಷ್ಟು, ಕೂಲಿಗೆ ಇಷ್ಟು, ಚೆಲ್ಲಿದ್ದಕ್ಕೆ ಇಷ್ಟು.
"ದಾರ ನಿಂದೇಯಾ?"
"ನಂದೇ."

ಹಾಗೆ ನನ್ನ ಭಾನುವಾರಗಳು ಹೋದವು.
ಜರಿ ಸೀರೆಗೆ ಒಗ್ಗಿದ ಬೆರಳು ದಬ್ಬಳಕ್ಕೆ ಒಗ್ಗಲಿಲ್ಲ.
ಸೆಣಬಿನ ಧೂಳಿಗೆ ಸೀನು.
ಒಮ್ಮೆ ಉಗುರಿನ ಪಕ್ಕಕ್ಕೇ ಹೊಕ್ಕು
ಮದುವೆ ರವಿಕೆಯೊಂದು ಎರಡು ದಿನ ತಡವಾಯಿತು.
ಹುಡುಗಿಯ ತಾಯಿ ಬೈದದ್ದನ್ನು
ಬೆಕ್ಕುಗಳ ಲೆಕ್ಕಕ್ಕೆ ಬರೆದುಕೊಂಡೆ.

ಪಕ್ಷದಲ್ಲಿ ಬಸುರಿ ಮರಿ ಹಾಕಿತು.
ತಾಯಿ ಬೆಕ್ಕು ಮರಿಗೆ ಏಳು ಮನೆ ತೋರಿಸಬೇಕಂತೆ.
ಅತ್ತೆ ಬೆರಳು ಮಡಿಸಿ ಎಣಿಸಿದರು:
ಅಂಗಡಿಯ ಮೂಲೆ ಒಂದು, ನಮ್ಮ ಸೌದೆ ಗೂಡು ಎರಡು,
ಮೇಷ್ಟ್ರ ಮನೆ ನೀರಿನ ಟ್ಯಾಂಕಿನ ಸಂದಿ ಮೂರು.
ನಾಲ್ಕನೆಯದು ನನ್ನ ಚಿಂದಿ ಬುಟ್ಟಿ.
ಅಲ್ಲಿಗೇ ಎಣಿಕೆ ನಿಂತಿದೆ.
ಬೋರಲಿಂಗಯ್ಯ ಬಂದು ಬಗ್ಗಿ ನೋಡಿದ.
"ಇವೂ ನನ್ನವೇ ಕಣವ್ವ" ಅಂದು,
ಚೀಲ ಇಟ್ಟು ಹೋದ.

ನಿನ್ನೆ ರಾತ್ರಿ ಕರೆಂಟು ಇರಲಿಲ್ಲ.
ಗೋಡೆಯ ಆಚೆ ಕರಕರ ಕರಕರ,
ನನ್ನ ಹೊಲಿಗೆಯನ್ನೇ ಯಾರೋ ಬಿಚ್ಚುತ್ತಿರುವ ಸದ್ದು.
ಮೊಬೈಲಿನ ಬೆಳಕು ಬುಟ್ಟಿಗೆ ಹಿಡಿದೆ.
ಮೂರು ಮರಿಗೆ ಮೊಲೆ ಕೊಟ್ಟು ಮಲಗಿದವಳು
ಒಂದು ಕಿವಿಯನ್ನು ಗೋಡೆಯ ಕಡೆ ತಿರುಗಿಸಿದಳು.
ಇನ್ನೊಂದನ್ನು ಇಲ್ಲ.

ದಬ್ಬಳಕ್ಕೆ ದಾರ ಪೋಣಿಸಿಟ್ಟು
ನಾನೂ ಮಲಗಿದೆ.