ಕರೆಂಟು ಹೋದಾಗ

ಕೌಲ್ ಬಜಾರಿನ ಸಂದಿಯೊಳಗೆ
ಹದಿನೆಂಟು ಮಷಿನು ಒಟ್ಟಿಗೆ ಉಸಿರು ಬಿಟ್ಟು ನಿಂತವೆಂದರೆ
ನಮಗೆಲ್ಲ ಅಭಿಪ್ರಾಯ ಬರುವ ಹೊತ್ತಾಯಿತೆಂದೇ ಅರ್ಥ.

ಕರೆಂಟಿದ್ದಾಗ ಯಾವ ಸರ್ಕಾರವೂ ಗೊತ್ತಿಲ್ಲ ನಮಗೆ.
ಪಾದ ಪೆಡಲಿನ ಮೇಲೆ, ಕಣ್ಣು ಸೂಜಿಯ ಬುಡಕ್ಕೆ,
ಎಡಗಾಲು ಬಲಗಾಲು, ಎಡಗಾಲು ಬಲಗಾಲು,
ನನ್ನವಲ್ಲ, ಪ್ಯಾಂಟಿನವು.
ಜಿಪ್ಪು ಕೂಡಿಸುವುದು ನನ್ನ ಪಾಲು.
ಪೀಸಿಗೆ ಎರಡೂವರೆ.

ಗಾದಿಲಿಂಗ ಮೊಬೈಲು ತೆಗೆದು
ಗೋಡೆಗೊರಗಿ ದೇಶ ನಡೆಸತೊಡಗುತ್ತಾನೆ.
“ಕೇಳ್ರಿಲ್ಲಿ, ಯಾರೋ ದೊಡ್ಡೋರು ಹೇಳ್ಯಾರೆ,
ದೇಶ ಮುಂದಕ್ಕೆ ಹೋಗ್ಬೇಕಂದ್ರೆ ಜನ ಇನ್ನೂ ಜಾಸ್ತಿ ತಾಸು ದುಡೀಬೇಕಂತೆ.”
ಮಾಬುನ್ನಿ ಹಲ್ಲಲ್ಲೇ ದಾರ ಕಡಿದು ಕೇಳುತ್ತಾಳೆ:
“ಅವ್ರಿಗೆ ತಾಸಿನ ಲೆಕ್ಕನೋ, ಪೀಸಿನ ಲೆಕ್ಕನೋ?”
ಅವನು ಬೆರಳಲ್ಲಿ ಮೇಲೆ ಕೆಳಗೆ ಹುಡುಕುತ್ತಾನೆ.
ಅದೊಂದು ಬರೆದಿಲ್ಲ ಅದರಲ್ಲಿ.

ಮಿರ್ಚಿ, ಒಗ್ಗರಣೆ ಮಂಡಕ್ಕಿ ಬರುತ್ತವೆ ಹಳೇ ಪೇಪರಿನಲ್ಲಿ.
ಎಣ್ಣೆ ಕುಡಿದ ತಲೆಬರಹ ಓದುತ್ತಾ
ಎರ್ರಿಸ್ವಾಮಿ ಹೋದ ಸರ್ಕಾರದ ಕಡೆ,
ಕೊಟ್ರೇಶಿ ಇರುವ ಸರ್ಕಾರದ ಕಡೆ.
ಬಳ್ಳಾರಿಗೊಂದು ಜವಳಿ ಪಾರ್ಕು
ಇವರಿಬ್ಬರ ಬಾಯಲ್ಲೇ ಎಷ್ಟು ಸಲ ಎದ್ದು ಎಷ್ಟು ಸಲ ಬಿದ್ದಿತೋ!
ಬೈದಾಡಿ ಬೈದಾಡಿ ಕೊನೆಗೆ ಒಂದೇ ವಿಷಯಕ್ಕೆ ರಾಜಿ:
ಯಾರ ಫ್ಲೆಕ್ಸು ದಪ್ಪ ಎನ್ನುವುದರಲ್ಲಿ.
ಯಾಕೆಂದರೆ ತೊಳೆಯಲು ಹೋಗುವ ಪ್ಯಾಂಟಿನ ರಾಶಿಯ ಕೆಳಗೆ
ಕೈಮುಗಿದು ಮಲಗಿರುತ್ತಾರೆ ಇಬ್ಬರೂ ಅಭ್ಯರ್ಥಿಗಳು,
ಧೂಳು ಮೇಲೆ ಬರದ ಹಾಗೆ.
ತೆಳ್ಳಗಿನವನು ಎರಡೇ ತಿಂಗಳಿಗೆ ಹರಿದ.

ಆಮೇಲೆ ಆ ವಿಡಿಯೋ.
ಯಾವ ದೇಶದ್ದೋ, ಗಾದಿಲಿಂಗನಿಗೂ ಗೊತ್ತಿಲ್ಲ.
ಬಿಳೀ ಷೆಡ್ಡು, ಒಬ್ಬ ಮನುಷ್ಯನೂ ಕಾಣುವುದಿಲ್ಲ,
ಕಬ್ಬಿಣದ ತೋಳೊಂದು ಬಗ್ಗಿ ಜೇಬು ಎತ್ತಿ ಇಟ್ಟು ಹೊಲಿದು
ಇನ್ನೊಂದಕ್ಕೆ ಕೈ ಚಾಚುತ್ತದೆ. ಆರು ಸೆಕೆಂಡು.
ಯಾರೂ ಮಾತಾಡಲಿಲ್ಲ.
ಎರ್ರಿಸ್ವಾಮಿ ಮಂಡಕ್ಕಿಯೊಳಗಿನ ಮೆಣಸಿನಕಾಯಿ ಆರಿಸತೊಡಗಿದ.
ಅವನದು ಜೇಬಿನ ಕೆಲಸ.

ಕಟಿಂಗ್ ಮಾಸ್ಟರ್ ಹೊನ್ನೂರಸಾಬು ಚಷ್ಮಾ ಏರಿಸಿ
“ಇನ್ನೊಂದ್ಸಲ ಹಚ್ಚಪಾ” ಅಂದ.
ಮತ್ತೊಂದು ಸಲ.
ಮೂರನೇ ಸಲಕ್ಕೆ ಗಾಜಿನ ಮೇಲೆ ಉಗುರಿಟ್ಟು ತಡೆದ:
“ಇಲ್ ನೋಡು. ಮೂಲ್ಯಾಗ ದಾರ ಬಿಟ್ಟೈತೆ.”

ಬಿಟ್ಟಿತ್ತು.
ಬಿಟ್ಟ ದಾರಕ್ಕೆ, ಚಿತ್ರ ಮುಗಿಯುವ ಮುಂಚಿನ ಚಣದಲ್ಲಿ,
ಅಂಚಿನಿಂದ ಒಂದು ಕೈ ಬಂತು, ಸಣ್ಣ ಕತ್ತರಿ ಹಿಡಿದು.
ಕತ್ತರಿಸಿ ಹೋಯಿತು.
ಹೆಂಗಸಿನ ಕೈ.
ಹೆಬ್ಬೆರಳಿನ ಉಗುರಿನ ಸುತ್ತ ನೀಲಿ,
ಎಷ್ಟು ನಿಂಬೆಹಣ್ಣು ತಿಕ್ಕಿದರೂ ನನಗೆ ಹೋಗದ ಅದೇ ನೀಲಿ.

ಎಲ್ಲರೂ ಒಮ್ಮೆಲೇ ಶುರು ಹಚ್ಚಿದರು ಮತ್ತೆ.
ಕೊಟ್ರೇಶಿಗೆ ಧೈರ್ಯ ಬಂದು, ಇದೆಲ್ಲಾ ಸುಳ್ಳು ವಿಡಿಯೋ ಎಂದ.
ಮಾಬುನ್ನಿ, ಆ ಮಷಿನಿಗೆ ಕರೆಂಟು ಬಿಲ್ಲು ಯಾರಪ್ಪ ಕಟ್ತಾನೆ ಎಂದಳು.
ಗಾದಿಲಿಂಗ ಎದ್ದೇ ನಿಂತ,
“ನಾನೇನಾದ್ರೂ ಮಂತ್ರಿ ಆಗಿದ್ರೆ ಮೊದ್ಲು...” ಎಂದವನು
ಏನು ಮೊದಲೆಂದು ಹೊಳೆಯದೆ ನನ್ನ ಕಡೆ ತಿರುಗಿ
“ನೀನೇನಂತಿ, ದುರುಗಕ್ಕಾ?”

ಹನ್ನೊಂದು ವರ್ಷದಲ್ಲಿ ಮೊದಲನೇ ಸಲ
ನನ್ನನ್ನು ಕೇಳಿದ್ದರು.
ಆ ಕೈಯವಳಿಗೆ ಕುರ್ಚಿ ಕೊಟ್ಟಿದ್ದಾರೋ, ನಿಲ್ಲಿಸಿಯೇ ದುಡಿಸುತ್ತಾರೋ;
ಅವಳ ಷೆಡ್ಡಿನಲ್ಲೂ ಒಮ್ಮೊಮ್ಮೆ ಕರೆಂಟು ಹೋಗುತ್ತದೋ ಇಲ್ಲವೋ;
ಹೋದರೆ ಯಾರ ಜತೆ ಮಾತಾಡುತ್ತಾಳೆ, ಆ ತೋಳಿನ ಜತೆಯೋ...
ಅಂತ ಬಾಯಿ ತೆರೆದೆ.

ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಂಡಿತು.
ಹದಿನೆಂಟು ಮಷಿನಿಗೂ ಜೀವ.
ಎಣ್ಣೆ ಕೈಯನ್ನು ಸೀರೆಯ ಒಳಸೆರಗಿಗೆ ಒರೆಸಿ
ಎಡಗಾಲನ್ನು ಬಲಗಾಲಿಗೆ ಕೂಡಿಸಿ ಜಿಪ್ಪು ಇಟ್ಟೆ.
ನಲವತ್ತೊಂದನೇ ಪೀಸು.
ಸಂಜೆಯೊಳಗೆ ನೂರಾಗಬೇಕು.