ಗಾಬರಿಪಡತಕ್ಕದ್ದಲ್ಲ

ಹನ್ನೊಂದಿವೆ ಈಗ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಏಳು,
ಜಗಲಿಯಲ್ಲಿ ಮೂರು,
ಒಂದು ದೇವರ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ,
ಅದಕ್ಕೆ ಚಿಕ್ಕತಾಯಿ ಮೂರು ದಿನ ಮಾತು ಬಿಟ್ಟಿದ್ದಳು.
ಇಂದಿಗೂ ಕಲ್ಲಿನ ಮೇಲೇ ಒಗೆಯುತ್ತಾಳೆ.
'ಸವತಿಯರ ಬಾಯಿಗೆ ನನ್ನ ಸೀರೆ ಹಾಕಾಕಿಲ್ಲ.'

ಅಶೋಕಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ
ಬೋಗಿಯ ಫ್ಯಾನು ಬಿಚ್ಚಿ ಕಟ್ಟಿದ ಕೈ,
ನಿವೃತ್ತಿಯ ಮರುದಿನವೇ ತುರಿಸತೊಡಗಿತು.
ಲಷ್ಕರ್ ಮೊಹಲ್ಲಾದ ಗುಜರಿಯಲ್ಲಿ ಮುನಾವರ್ ಸಾಬರು
ಒಂದು ಡ್ರಮ್ಮಿನ ಮೇಲೆ ಸುತ್ತಿಗೆ ಎತ್ತಿದ್ದರು.
'ನಿಲ್ಲಿಸಿ' ಅಂದೆ. ಅಂದದ್ದೇ ತಪ್ಪಾಯಿತು.
ಈಗ ತಿಂಗಳಿಗೊಮ್ಮೆ ಅವರದೇ ಫೋನು:
'ನಿಮ್ಮ ಕಡೆಯವರು ಒಬ್ಬರು ಬಂದವ್ರೆ ಅಣ್ಣ,
ಬಂದು ಕರ್ಕೊಂಡ್ಹೋಗಿ.'

ಯಂತ್ರ ಸಿಗುತ್ತದೆ. ಸಿಗದ್ದು ಅದರ ಪುಸ್ತಕ.
ಪಿನ್ನಿಗೆ ತುಕ್ಕು ಹಿಡಿದ, ಇಪ್ಪತ್ತನಾಲ್ಕು ಪುಟದ,
ಐದು ಭಾಷೆಯ ಕೈಪಿಡಿ. ಕನ್ನಡ ಕಟ್ಟಕಡೆಗೆ,
ಜಾಗ ಸಾಲದೆ ಇರುವೆ ಸಾಲಿನಂತೆ.
ಚಿತ್ರದಲ್ಲಿ ಒಂದು ಕೈ, ಎರಡು ಬಳೆ, ಗುಂಡಿ ತಿರುಗಿಸುತ್ತಿದೆ,
ಮುಖ ಯಾವ ಪುಟದಲ್ಲೂ ಇಲ್ಲ.
ಬರೆದವನು ತಾಲ್ಲೂಕು ಕಚೇರಿಯ ಗುಮಾಸ್ತನೇ ಇರಬೇಕು:
'ಯಂತ್ರವು ಸದ್ದು ಮಾಡಿ ಅಲುಗಾಡಿದ ಪಕ್ಷದಲ್ಲಿ
ಗಾಬರಿಪಡತಕ್ಕದ್ದಲ್ಲ.
ಬಟ್ಟೆಗಳನ್ನು ಸಮನಾಗಿ ಹಂಚತಕ್ಕದ್ದು.'

ನಗಬೇಡಿ.
ಎದೆಗೆ ಸ್ಟೆಂಟು ಹಾಕುವ ಹಿಂದಿನ ರಾತ್ರಿ
ಆಸ್ಪತ್ರೆಯ ಹಸಿರು ಪರದೆಯೊಳಗೆ ಮಲಗಿ
ಇದನ್ನೇ ನಾಲ್ಕು ಸಲ ಹೇಳಿಕೊಂಡಿದ್ದೇನೆ.

ನಾಲ್ಕನೆಯದಕ್ಕೆ ಮಾತ್ರ ಆರು ವರ್ಷದಿಂದ ಪುಸ್ತಕವಿಲ್ಲ:
ಸುಜಲಾ ಟ್ವಿನ್, ಪಿಸ್ತಾ ಬಣ್ಣ,
ಮುಚ್ಚಳದ ಮೇಲೆ ಯಾರೋ ಬಿಸಿ ಪಾತ್ರೆ ಇಟ್ಟ ಉಂಗುರ.
ಅದರ ಪುಸ್ತಕ ಹಿಡಿದು ಮೊನ್ನೆ ಭಾನುವಾರ
ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿಳಿದರು ಶಶಿರೇಖಾ,
ಐವತ್ತರ ಆಚೀಚೆ, ಮಂಡಿಗೆ ಪಟ್ಟಿ ಸುತ್ತಿದ್ದರು.
ನಾನು ನೀರು ಕೊಡುವ ಮೊದಲೇ ಐನೂರು ಅಂದೆ.
ಕುಡಿದು ಮುಗಿಸುವಷ್ಟರಲ್ಲಿ ಸಾವಿರಕ್ಕೆ ಏರಿದ್ದೆ.
'ಮಾರಾಕೆ ಬರ್ಲಿಲ್ಲ ಕಣಣ್ಣ.
ಅದರ ಸದ್ದು ಕೇಳ್ಬೇಕಿತ್ತು.'

ಸಕ್ಕರೆ ಕಾರ್ಖಾನೆಯ ಹೊಗೆಗೂಡಿನ ಕೆಳಗೇ ಮನೆಯಂತೆ.
ಅವ್ವ ಹೊಂಬಾಳಮ್ಮ, ಚೀಟಿ ಎತ್ತಿ ಕೊಂಡದ್ದಂತೆ.
ಯಂತ್ರ ಗುಜರಿಗೆ ಹೋಯಿತು, ಅವ್ವ ಹೋದರು,
ಉಳಿದದ್ದು ಅಂಚಿನ ಪೆನ್ಸಿಲ್ಲು:
ಹಾಲಿನವನ ಬಾಕಿ. ನೀಲಿಯ ಅಳತೆ.
'ಕಬ್ಬು ಅರೆಯುವ ಕಾಲದಲ್ಲಿ ಮಸಿ ಉದುರುತ್ತೆ, ಒಳಗೇ ಒಣಹಾಕು.'
ಪುಟ ಹದಿನಾಲ್ಕು, ಗಾಬರಿಪಡತಕ್ಕದ್ದಲ್ಲದ ಪಕ್ಕ:
'ಅಲುಗಾಡಿದರೆ ಶಶಿಯನ್ನು ಮೇಲೆ ಕೂರಿಸು.'

ಪೈಪು ಜೋಡಿಸಿದೆ. ಬರೀ ಟಬ್ಬು ತಿರುಗಿಸಬಾರದೆಂದು
ಚಿಕ್ಕತಾಯಿ ಬಟ್ಟೆ ತಂದು ಹಾಕಿದಳು,
ನನ್ನ ಲುಂಗಿ ಎರಡು, ಅವಳದಲ್ಲ.
ಮೊದಲು ಗುಡುಗುಡು, ಆಮೇಲೆ ಗಂಟಲು ಸರಿಮಾಡಿಕೊಂಡು
ಭೋರಿಟ್ಟಿತು ನೋಡಿ ಒಣಗಿಸುವ ಟಬ್ಬು,
ಕರಿಬೇವಿನ ಗಿಡದ ಕಡೆಗೆ ಒಂದೊಂದೇ ಗೇಣು
ನಡೆಯತೊಡಗಿತು, ಕಟ್ಟು ಬಿಚ್ಚಿದ ಕರುವಿನ ಹಾಗೆ.
ನಾನು ಸ್ವಿಚ್ಚಿಗೆ ಕೈ ಚಾಚಿದೆ.
'ಸುಮ್ಕಿರಿ' ಎಂದಳು ಚಿಕ್ಕತಾಯಿ,
'ಕೂತ್ಕೊಳವ್ವ ನೀನು, ಏನೂ ಆಗಾಕಿಲ್ಲ.'

ಕೂತರು. ಚಪ್ಪಲಿ ಬಿಟ್ಟು, ಬ್ಯಾಗು ತೊಡೆಯ ಮೇಲಿಟ್ಟು.
ಬಳೆ, ಕನ್ನಡಕ, ಗಲ್ಲ ಎಲ್ಲವೂ ನಡುಗುತ್ತಿದ್ದವು,
ಅಳುವೋ ನಗುವೋ ತಿಳಿಯದ ಹಾಗೆ.
ಯಂತ್ರ ನಿಂತಿತು, ನಿಂತಲ್ಲೇ ತಿರುಗಿತು.
ಎದುರು ಮನೆಯ ಹುಡುಗ ಕಾಂಪೌಂಡು ಹತ್ತಿ ನೋಡುತ್ತಿದ್ದ.

ಸಂಜೆಯ ರೈಲಿಗೆ ಪುಸ್ತಕ ವಾಪಸು ಹೋಯಿತು.
ಅಗ್ರಹಾರದಲ್ಲಿ ಜೆರಾಕ್ಸ್ ಮಾಡಿಸಿಕೊಂಡಿದ್ದೇನೆ,
ಒಂದೂವರೆ ರೂಪಾಯಿಯ ಹಾಗೆ ಇಪ್ಪತ್ತನಾಲ್ಕು ಪುಟ.
ಅಚ್ಚೆಲ್ಲ ಚೆನ್ನಾಗಿ ಮೂಡಿದೆ,
ಪೆನ್ಸಿಲ್ಲು ಮೂಡಿಲ್ಲ.
ರಾತ್ರಿ ಕೂತು ನಾನೇ ತುಂಬಿಸಿದೆ.
ಹಾಲಿನ ಬಾಕಿ ನೆನಪಾಗಲಿಲ್ಲ. ನೀಲಿಯ ಅಳತೆ ಅಂದಾಜು.
ಪುಟ ಹದಿನಾಲ್ಕು ಮಾತ್ರ ಬಾಯಿಪಾಠ:
ಅಲುಗಾಡಿದರೆ
ಶಶಿಯನ್ನು ಮೇಲೆ ಕೂರಿಸು.