ಶುಕ್ರವಾರದ ಉಗುರು

ಎಸ್ಪೆರಾನ್ಸಾ ಬಾಯಿ ಫೋನಿನಲ್ಲಿ ಹೇಳಿದ್ದಿಷ್ಟು:
ಒಂಬತ್ತು ಪೇರು ಬಂದಿವೆ, ಕಾಲು ಕೆಟ್ಟಿದೆ, ಬಾ.
ಪೇರಲ ಹಣ್ಣಿಗೆ ಎಲ್ಲಿಯ ಕಾಲು ಅಂದುಕೊಂಡು
ಕೈಚೀಲ ಹಿಡಿದೇ ಹೋದೆ ಪೊಂಬುರ್ಪಾಕ್ಕೆ.
ಗೇಟು ತೆರೆದರೆ
ಬಿಳಿ ಲುಂಗಿ ಉಬ್ಬಿಸಿ ಕೂತ ಪಂಚರ ಹಾಗೆ
ಒಂಬತ್ತು ಟರ್ಕಿ ಕೋಳಿ.
ಗೋವೆಯವರಿಗೆ ಇದೂ ಪೇರು.
ಖಾಲಿ ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

ಕ್ರಿಸ್‌ಮಸ್ಸಿನ ಊಟಕ್ಕೆಂದು ಹೊರಟವಂತೆ.
ಚೋರ್ಲಾ ಘಾಟಿನಲ್ಲಿ ಲಾರಿಯ ಗೇರ್‌ಬಾಕ್ಸ್ ಒಡೆದು
ಇಪ್ಪತ್ತಾರಕ್ಕೆ ತಲುಪಿದವು.
ಹಬ್ಬ ತೀರಿದ ಮೇಲೆ ಹದಿನಾಲ್ಕು ಕಿಲೋ ಮಾಂಸಕ್ಕೆ ಗಿರಾಕಿಯಿಲ್ಲ.
ಒಂದು ಸವೆದ ಗೇರಿನ ಹಲ್ಲಿಗೆ
ಒಂಬತ್ತು ಜೀವ ಋಣಿ.

ನಾನು ನಾಲಬಂದರ ಮಗಳು.
ಅಪ್ಪ ದಾವಲಸಾಬ ಸವಣೂರ ಸಂತೆಯಲ್ಲಿ
ಎತ್ತಿನ ಕಾಲು ಹಗ್ಗದಿಂದ ಬಿಗಿದು, ಕೆಡವಿ,
ಗೊರಸಿಗೆ ನಾಲು ಹೊಡೆಯುತ್ತಿದ್ದ
ಏಳು ಮೊಳೆ ಹಲ್ಲಲ್ಲಿ ಕಚ್ಚಿಕೊಂಡು.
ಮೊಳೆ ಇರುವಷ್ಟು ಹೊತ್ತು ಮಾತಿಲ್ಲ.
ನಾನು ಎತ್ತಿನ ಕಣ್ಣಿಗೆ ಗೋಣಿ ಹಿಡಿಯುವವಳು.
ಟ್ರ್ಯಾಕ್ಟರಿಗೆ ಗೊರಸಿಲ್ಲ.
ಹಾಗಾಗಿ ಮಾಪ್ಸಾದ ಪಾರ್ಲರಿನಲ್ಲಿ ಹನ್ನೊಂದು ವರ್ಷ
ಹೆಂಗಸರ ಹಿಮ್ಮಡಿ ಉಜ್ಜಿದೆ,
ಎಸ್ಪೆರಾನ್ಸಾ ಬಾಯಿಯದೂ.

ಉಗುರನ್ನು ನೆಲ ತೇಯಬೇಕು.
ಇವು ನೆಲ ಕಂಡವೇ ಅಲ್ಲ; ಹೊಟ್ಟು, ಹಿಕ್ಕೆ, ಮತ್ತೆ ಹೊಟ್ಟು.
ಉಗುರು ಬೆಳೆದು ಕುಡುಗೋಲಾಗಿ, ಬೆರಳನ್ನೇ ತಿರುಚಿ,
ಮೈಭಾರವೆಲ್ಲ ಅಂಗಾಲಿನ ಒಂದು ರೂಪಾಯಿಯಗಲಕ್ಕೆ ಬಿದ್ದು
ಅಲ್ಲಿ ಕರಿ ಹಕ್ಕಳೆ.
ಒಳಗಿನ ಕೀವೂ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿ.
ಅದನ್ನು ಡಾಕ್ಟರು ಕೆತ್ತಿ ತೆಗೆದು ಹೋದರು.
ಉಳಿದದ್ದು ನನಗೆ:
ಮೊಣಕೈ ಸಹಿಸುವಷ್ಟು ಬಿಸಿನೀರು, ಹಿಡಿ ಎಪ್ಸಮ್ ಉಪ್ಪು.

ಬೆನ್ನ ಮೇಲೆ ಮಲಗಿಸುವ ಹಾಗಿಲ್ಲ,
ತನ್ನ ಎದೆಯ ಮಾಂಸವೇ ಅದರ ಉಸಿರು ಒತ್ತುತ್ತದೆ.
ಟವೆಲು ಸುತ್ತಿ ತೊಡೆಯ ಮೇಲೆ ಅಕ್ಕಿಮೂಟೆಯಂತೆ ಕೂರಿಸಬೇಕು.
ಅಕ್ಕಿಮೂಟೆಗೆ ಎದೆ ಬಡಿದುಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ.
ಮೊದಲು ತಲೆ ಕೆಂಡಗೆಂಪು.
ನಾನು ಸುಮ್ಮನಿರುತ್ತೇನೆ, ಬಾಯಲ್ಲಿ ಮೊಳೆ ಇದ್ದವರ ಹಾಗೆ.
ತುಸು ಹೊತ್ತಿಗೆ ನೀಲಿ. ಆಮೇಲೆ ಮಜ್ಜಿಗೆಬಿಳಿ.
ಆಗ ಕತ್ತರಿ.

ಟಾರ್ಚು ಹಿಡಿದರೆ ಉಗುರಿನೊಳಗೆ ಒಂದು ಗುಲಾಬಿ ದಾರ.
ದಾರ ಮುಗಿದಲ್ಲಿಂದ ಮುಂದೆ ನನ್ನದು, ಹಿಂದೆ ಅದರದು.
ಒಂದು ಸಲಕ್ಕೆ ಗೋಧಿಕಾಳಿನಷ್ಟು.
ಒಮ್ಮೆ ತಪ್ಪಿದೆ.
ಮೆಕ್ಕೆಜೋಳದ ಹಿಟ್ಟು ಒತ್ತಿ ಹಿಡಿದು ನೂರೆಣಿಸಿದೆ
ಮನೆಯ ಉರ್ದುವಿನಲ್ಲಿ.
ಹೆದರಿಕೆಗೆ ಬೇರೆ ಭಾಷೆ ಬರುವುದಿಲ್ಲ ನನಗೆ.

ಎಂಟನೆಯದಕ್ಕೆ ಉಗುರೇ ಇಲ್ಲ.
ಮೊಟ್ಟೆಯೊಡೆದ ದಿನವೇ ಯಾವುದೋ ಯಂತ್ರ
ಬೆರಳತುದಿ ಸುಟ್ಟು ಕಳಿಸಿದೆ.
ಬರೆದು ಸವೆದ ಸೀಮೆಸುಣ್ಣದಂಥ ಮೊಂಡು ಬೆರಳು.
ಹಿಡಿತವಿಲ್ಲ; ಗಾಳಿಯಿಲ್ಲದಾಗಲೂ ವಾಲುತ್ತದೆ.
ಅದಕ್ಕೂ ಪಾಳಿ ಉಂಟು.
ನೆನೆಸಿ, ಒರೆಸಿ, ಕತ್ತರಿ ಹತ್ತಿರ ಒಯ್ದು
ಬರೀ ಗಾಳಿ ಕತ್ತರಿಸುತ್ತೇನೆ,
ಕಚಕ್, ಮೂರು ಸಲ.
ಎಸ್ಪೆರಾನ್ಸಾ ಬಾಯಿ ನಕ್ಕಳು. ನಗಲಿ.

ನಮ್ಮಲ್ಲಿ ಉಗುರಿಗೆ ಶುಕ್ರವಾರ.
ಹೊತ್ತು ಮುಳುಗಿದ ಮೇಲಿಲ್ಲ.
ಕತ್ತರಿಸಿದ್ದನ್ನು ತುಳಿಯುವಲ್ಲಿ ಚೆಲ್ಲುವುದಿಲ್ಲ.
ಎಲ್ಲ ಬಾಚಿ ಹಿತ್ತಿಲ ಪೇರಲ ಗಿಡದ ಬುಡಕ್ಕೆ ಹೂಳಿದೆ,
ಪೇರಿನದು ಪೇರಿಗೇ ಎಂದು.
ಬಾಯಿ ಯಾಕೋ ಶಿಲುಬೆಯ ಗುರುತು ಮಾಡಿಕೊಂಡಳು.

ಇವತ್ತು ಆರನೆಯ ಶುಕ್ರವಾರ.
ಕತ್ತರಿಸಿದಲ್ಲೇ ಮತ್ತೆ ಬೆಳೆದಿದೆ.
ಇವುಗಳ ಖರ್ಚು ಬರೆದಿಟ್ಟವರ ಪುಸ್ತಕದಲ್ಲಿ
ಎರಡನೆಯ ಸಲ ಉಗುರು ತೆಗೆಯುವ ಲೆಕ್ಕ
ಇದ್ದಿರಲಾರದು.

ನೀರು ಕಾಯಿಸಿ ತರುವಷ್ಟರಲ್ಲಿ ಆ ಎಂಟನೆಯದು ಬಂದು
ಖಾಲಿ ಬೋಗುಣಿಯಲ್ಲಿ ನಿಂತಿದೆ,
ಒಂದು ಕಾಲು ಒಳಗೆ, ಒಂದು ಹೊರಗೆ, ವಾಲಿಕೊಂಡು.
ಸರೀ ಸ್ವಲ್ಪ, ಅಂದೆ.
ಕೈಯಲ್ಲಿ ಸುಡುನೀರಿದೆ, ಸರಿ.